ಸೂಜಿಗೆ ಬಂದ ಕಂದು ನೀರು: ಒಂದು ಮಂಡಿಯ ಪ್ರಕರಣ ಅಧ್ಯಯನ

ಈ ಬರಹದಲ್ಲಿ ಬರುವ ಮಹಿಳೆಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಹತ್ತದಿರಲೆಂದು ವಯಸ್ಸು, ಊರು, ತಿಂಗಳುಗಳಲ್ಲಿ ಅಲ್ಪಸ್ವಲ್ಪ ಬದಲಾಯಿಸಿದ್ದೇನೆ, ಆಸ್ಪತ್ರೆಗಳ ಹೆಸರನ್ನು ಎತ್ತಿಲ್ಲ. ರೋಗ ನಡೆದ ದಾರಿ, ಬೇರೆ ಬೇರೆ ಕಡೆ ವೈದ್ಯರು ತೆಗೆದುಕೊಂಡ ತೀರ್ಮಾನಗಳು ಮತ್ತು ಅವುಗಳಲ್ಲಿ ನನ್ನ ಪಾಲು ಮಾತ್ರ ಇದ್ದದ್ದು ಇದ್ದಂತೆಯೇ ಇವೆ.

ಹಿನ್ನೆಲೆ

ಆಕೆಗೆ 31 ವರ್ಷ. ತುಮಕೂರು ಜಿಲ್ಲೆಯ ಹಳ್ಳಿಯೊಂದರಿಂದ ಮದುವೆಯಾಗಿ ಬೆಂಗಳೂರಿಗೆ ಬಂದವರು, ಪೀಣ್ಯದ ಕಡೆಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಒಂಬತ್ತು ವರ್ಷಗಳಿಂದ ಓವರ್‌ಲಾಕ್ ಯಂತ್ರದ ಮುಂದೆ ಕೂತವರು. ದಿನಕ್ಕೆ ಎಂಟು ಗಂಟೆ, ಶಿಪ್‌ಮೆಂಟ್ ಹತ್ತಿರ ಬಂದಾಗ ಅದಕ್ಕೂ ಹೆಚ್ಚು ಹೊತ್ತು, ಬಲಗಾಲು ಪೆಡಲ್ ಮೇಲೆ ಇರುತ್ತಿತ್ತು. ಮನೆಯಲ್ಲಿ ಗಂಡ, ಆರು ವರ್ಷದ ಮಗ ಮತ್ತು ಅತ್ತೆ.

2021ರ ಮಳೆಗಾಲದಲ್ಲಿ ಬಲ ಮಂಡಿ ಊದತೊಡಗಿತು. ಪೆಟ್ಟು ಬಿದ್ದಿರಲಿಲ್ಲ, ಜ್ವರ ಬಂದಿರಲಿಲ್ಲ, ತೂಕ ಇಳಿದಿರಲಿಲ್ಲ. ನೋವಿಗಿಂತ ಬಿಗಿತವೇ ಹೆಚ್ಚು. ಬೆಳಿಗ್ಗೆ ಇದ್ದ ಊತ ಸಂಜೆಗೆ ಇಮ್ಮಡಿಯಾಗುತ್ತಿತ್ತು, ಎರಡು ದಿನ ರಜೆ ಹಾಕಿದರೆ ಇಳಿಯುತ್ತಿತ್ತು. ಒಮ್ಮೊಮ್ಮೆ ನೆಲದಿಂದ ಏಳುವಾಗ ಮಂಡಿಯೊಳಗೆ ಏನೋ ಸಿಕ್ಕಿಹಾಕಿಕೊಂಡಂತಾಗಿ ಕಾಲು ಚಾಚಲು ಬರುತ್ತಿರಲಿಲ್ಲ. ಬಡಾವಣೆಯ ವೈದ್ಯರು ಕೆಲಸವೇನೆಂದು ಕೇಳಿದರು, ಟೈಲರ್ ಎಂದು ಗೊತ್ತಾದ ಕೂಡಲೇ ಕಾರಣ ಸಿಕ್ಕಿತೆಂದುಕೊಂಡರು. ಪೆಡಲ್ ತುಳಿದು ತುಳಿದು ಮಂಡಿ ಸವೆದಿದೆ ಎಂಬ ಮಾತನ್ನು ಮುಂದಿನ ಒಂದು ವರ್ಷದಲ್ಲಿ ಮೂರು ಬೇರೆ ಬೇರೆ ಚೀಟಿಗಳಲ್ಲಿ ಮೂರು ಬಗೆಯಲ್ಲಿ ಬರೆಯಲಾಗಿತ್ತು. ಇದರಲ್ಲಿ ಯಾರನ್ನೂ ಹೀಗಳೆಯುವುದು ನನ್ನ ಉದ್ದೇಶವಲ್ಲ. ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಮಂಡಿ, ಸೊಂಟ, ಕುತ್ತಿಗೆಯ ನೋವುಗಳಲ್ಲಿ ನೂರಕ್ಕೆ ತೊಂಬತ್ತಕ್ಕೆ ಆ ಉತ್ತರ ಸರಿಯಾಗಿಯೇ ಇರುತ್ತದೆ ಎಂದು ನನಗೂ ಅನ್ನಿಸುತ್ತದೆ. ಕಷ್ಟವಿರುವುದು ಉಳಿದ ಹತ್ತರಲ್ಲಿ.

ಮೂರು ತಿಂಗಳ ಮಾತ್ರೆ, ಕ್ರೇಪ್ ಬ್ಯಾಂಡೇಜ್ ಮತ್ತು ಅತ್ತೆ ಹಚ್ಚಿದ ಎಣ್ಣೆಯ ನಂತರ ಒಂದು ನರ್ಸಿಂಗ್ ಹೋಮ್‌ನಲ್ಲಿ ಸೂಜಿ ಹಾಕಿ ಮಂಡಿಯ ನೀರು ತೆಗೆದು, ಅದೇ ಸೂಜಿಯಲ್ಲಿ ಸ್ಟಿರಾಯ್ಡ್ ಕೊಟ್ಟರು. ಆರು ವಾರ ಆರಾಮ. ಮತ್ತೆ ಊತ. ಇನ್ನೊಂದು ಕಡೆ ಮತ್ತೆ ನೀರು ತೆಗೆದರು. ಎರಡೂ ಸಲ ತೆಗೆದ ನೀರು ಪ್ರಯೋಗಾಲಯಕ್ಕೆ ಹೋಗಲಿಲ್ಲ. ಎರಡೂ ಚೀಟಿಗಳಲ್ಲಿ ಎಷ್ಟು ಮಿಲಿಲೀಟರ್ ಎಂದು ಬರೆದಿದ್ದಾರೆ, ಯಾವ ಬಣ್ಣ ಎಂದು ಬರೆದಿಲ್ಲ.

ಟಿಬಿಯ ಹಣೆಪಟ್ಟಿ

ಮುಂದಿನ ಹಂತದಲ್ಲಿ ಒಂದು ದೊಡ್ಡ ಆಸ್ಪತ್ರೆಯಲ್ಲಿ ಹೆಚ್ಚು ಕ್ರಮಬದ್ಧವಾದ ತಪಾಸಣೆಯೇ ನಡೆಯಿತು. ರುಮಟಾಯ್ಡ್ ಸಂಧಿವಾತದ ಪರೀಕ್ಷೆಗಳು ನೆಗೆಟಿವ್, ಯೂರಿಕ್ ಆಮ್ಲ ಸಹಜ, ಉರಿಯೂತವನ್ನು ತೋರಿಸುವ ರಕ್ತಪರೀಕ್ಷೆಗಳಾದ ಇಎಸ್‌ಆರ್ 14, ಸಿಆರ್‌ಪಿ ಎರಡೂ ಸಹಜ. ಕ್ಷಯದ ಪತ್ತೆಗೆಂದು ಚರ್ಮದಲ್ಲಿ ಮಾಡುವ ಮಾಂಟೂ ಪರೀಕ್ಷೆ ಮಾತ್ರ 18 ಮಿಲಿಮೀಟರ್ ಉಬ್ಬಿತು. ಎಂಆರ್‌ಐ ವರದಿಯಲ್ಲಿ ಕೀಲಿನ ಒಳಪೊರೆ ದಪ್ಪವಾಗಿದೆ, ಮೂಳೆಯಲ್ಲಿ ಕೊರೆತಗಳಿವೆ, ಕ್ಷಯವನ್ನು ಪರಿಗಣಿಸಬೇಕು ಎಂದಿತ್ತು. ಒಂದೇ ಕೀಲು, ನಿಧಾನವಾದ ಊತ, ಮೂಳೆಯ ಕೊರೆತ, ಪಾಸಿಟಿವ್ ಮಾಂಟೂ: ನಮ್ಮ ದೇಶದಲ್ಲಿ ಈ ನಾಲ್ಕು ಒಟ್ಟಿಗೆ ಕಂಡರೆ ಟಿಬಿಯ ಹೆಸರು ಬಾಯಿಗೆ ಬರುವುದು ಸಹಜ, ಬರಲೂ ಬೇಕು. ಆದರೆ ಬಾಯಿಗೆ ಬಂದ ಹೆಸರು ಒಂದು ಚೂರು ಅಂಗಾಂಶವನ್ನೂ ನೋಡದೆ ನೇರವಾಗಿ ಔಷಧಿಯ ಚೀಟಿಗೆ ಇಳಿಯಿತು. 2022ರ ಬೇಸಿಗೆಯಲ್ಲಿ ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬುಟಾಲ್ ಎಂಬ ನಾಲ್ಕು ಮದ್ದುಗಳು ಶುರುವಾದವು. ಮೂಳೆಯ ಟಿಬಿ ಆದ್ದರಿಂದ ಕನಿಷ್ಠ ಒಂದು ವರ್ಷ ಎಂದು ತಿಳಿಸಲಾಯಿತು.

ಮಾಂಟೂ ಪಾಸಿಟಿವ್ ಎಂದರೆ ಕ್ಷಯದ ರೋಗಾಣು ಎಂದೋ ಒಮ್ಮೆ ದೇಹವನ್ನು ಹೊಕ್ಕಿರಬಹುದು ಎಂದಷ್ಟೇ ಅರ್ಥ. ಬಿಸಿಜಿ ಲಸಿಕೆ ಹಾಕಿಸಿಕೊಂಡ, ಜನದಟ್ಟಣೆಯ ಊರುಗಳಲ್ಲಿ ಬೆಳೆದ ನಮ್ಮ ವಯಸ್ಕರಲ್ಲಿ ಅದು ಪಾಸಿಟಿವ್ ಬರುವುದು ಅಪರೂಪವೇನಲ್ಲ. ಮಂಡಿಯ ಊತಕ್ಕೆ ಅದೇ ಕಾರಣವೆಂದು ಆ ಉಬ್ಬು ಹೇಳಲಾರದು.

ಆಕೆ ಆ ಮದ್ದು ನುಂಗಿದ ಮೊದಲ ಐದು ತಿಂಗಳ ಬಗ್ಗೆ ಫೈಲ್‌ನಲ್ಲಿ ಇರುವುದು ಯಕೃತ್ತಿನ ಪರೀಕ್ಷೆಯ ಎರಡು ವರದಿಗಳು ಮಾತ್ರ. ಆದರೆ ಆಕೆಯನ್ನು ಹೆಚ್ಚು ಬಾಧಿಸಿದ್ದು ಮಂಡಿಯಲ್ಲ, ಆ ಎರಡಕ್ಷರ. ಕೀಲಿನ ಕ್ಷಯ ಕೆಮ್ಮಿನಿಂದ ಹರಡುವ ರೋಗವಲ್ಲ ಎಂದು ಯಾರೋ ಒಮ್ಮೆ ಹೇಳಿದ್ದರೂ ಮನೆಯಲ್ಲಿ ತಟ್ಟೆ ಲೋಟ ಬೇರೆಯಾದವು, ಮಗನನ್ನು ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟು ಅಲ್ಲಿಯ ಶಾಲೆಗೆ ಸೇರಿಸಿದರು, ಕಾರ್ಖಾನೆಯಲ್ಲಿ ಗೊತ್ತಾದರೆ ಲೈನಿನಿಂದ ಎಬ್ಬಿಸುತ್ತಾರೆಂಬ ಭಯಕ್ಕೆ ಆಕೆ ಮಾತ್ರೆಗಳನ್ನು ಕಾಗದದಲ್ಲಿ ಸುತ್ತಿ ಊಟದ ಡಬ್ಬಿಯ ಚೀಲದ ತಳದಲ್ಲಿ ಇಟ್ಟುಕೊಳ್ಳುತ್ತಿದ್ದರು. ವಾಕರಿಕೆ, ಕೆಂಪಾದ ಮೂತ್ರ, ಮತ್ತು ಒಂದಿಷ್ಟೂ ಇಳಿಯದ ಊತ. ಐದನೆಯ ತಿಂಗಳಲ್ಲಿ ಔಷಧಿ ಕೆಲಸ ಮಾಡುತ್ತಿಲ್ಲವಾದ್ದರಿಂದ ಇದು ಮದ್ದಿಗೆ ಬಗ್ಗದ ಟಿಬಿ ಇರಬಹುದು, ಬೇರೆ ಮದ್ದು ಹಾಕೋಣ ಎಂಬ ಮಾತು ಬಂತು. ಚಿಕಿತ್ಸೆ ಸೋತಾಗ ರೋಗನಿರ್ಣಯವನ್ನು ಪ್ರಶ್ನಿಸುವ ಬದಲು ರೋಗಾಣುವನ್ನು ಪ್ರಶ್ನಿಸಲಾಯಿತು. ಅಲ್ಲಿಗೆ ಗಂಡ ಫೈಲ್ ಎತ್ತಿಕೊಂಡು ನಮ್ಮಲ್ಲಿಗೆ ಬಂದರು.

ಒಂದು ಪ್ರಶ್ನೆ

ನಮ್ಮ ಓಪಿಡಿಯಲ್ಲಿ ಆ ದಿನ ಮೊದಲು ಆಕೆಯನ್ನು ನೋಡಿದ್ದು ಕಿರಿಯ ವೈದ್ಯೆಯೊಬ್ಬರು. ಎರಡು ಸಲ ನೀರು ತೆಗೆದದ್ದನ್ನು ಓದಿ ಅವರು ಸುಮ್ಮನೆ ಕೇಳಿದರು: "ಸೂಜೀಲಿ ತೆಗೆದ ನೀರು ಯಾವ ಬಣ್ಣ ಇತ್ತಮ್ಮ?"

"ನೀರಲ್ಲ ಮೇಡಂ ಅದು. ಕಾಫಿ ಡಿಕಾಕ್ಷನ್ ಇದ್ದಂಗಿತ್ತು. ಎರಡು ಸಲಾನೂ ಹಂಗೇ ಇತ್ತು. ಮೊದಲನೇ ಸಲ ರಕ್ತಾನಾ ಅಂತ ಕೇಳ್ದೆ, ಸೂಜಿ ತಾಗಿರುತ್ತೆ ಅಂದ್ರು."

ಈ ಪ್ರಕರಣದ ತಿರುವು ಇಲ್ಲಿದೆ. ಸೂಜಿ ರಕ್ತನಾಳಕ್ಕೆ ತಾಗಿದರೆ ಬರುವುದು ಹೊಸ ರಕ್ತ, ಅದು ಕೆಂಪಗೆ ಗೆರೆಗೆರೆಯಾಗಿ ಸಿರಿಂಜಿಗೆ ಇಳಿಯುತ್ತದೆ. ಡಿಕಾಕ್ಷನ್ ಬಣ್ಣ ಬರಬೇಕಾದರೆ ರಕ್ತ ಹಿಂದೆಯೇ, ಮತ್ತೆ ಮತ್ತೆ, ಕೀಲಿನೊಳಗೆ ಸುರಿದು ಹಳತಾಗಿರಬೇಕು. ಪೆಟ್ಟಿಲ್ಲದೆ ಮಂಡಿಯೊಳಗೆ ಪದೇ ಪದೇ ರಕ್ತ ಸುರಿಯುವ ಕಾರಣಗಳ ಪಟ್ಟಿ ಚಿಕ್ಕದು: ರಕ್ತ ಹೆಪ್ಪುಗಟ್ಟುವಿಕೆಯ ದೋಷಗಳು, ರಕ್ತ ತೆಳುವಾಗಿಸುವ ಔಷಧಿಗಳು, ಒಳಪೊರೆಯ ರಕ್ತನಾಳಗಳ ಗಂಟು, ಮತ್ತು ಕೀಲಿನ ಒಳಪೊರೆ ಅತಿಯಾಗಿ ಬೆಳೆಯುವ ಪಿಗ್ಮೆಂಟೆಡ್ ವಿಲ್ಲೋನಾಡ್ಯುಲರ್ ಸೈನೋವೈಟಿಸ್, ಚಿಕ್ಕದಾಗಿ ಪಿವಿಎನ್‌ಎಸ್. ಟಿಬಿ ಆ ಪಟ್ಟಿಯ ಮೊದಲ ಸಾಲುಗಳಲ್ಲಿ ಬರುವುದಿಲ್ಲ. ಎಲ್ಲ ಪಿವಿಎನ್‌ಎಸ್ ಮಂಡಿಗಳಲ್ಲೂ ನೀರು ಕಂದಾಗಿರುತ್ತದೆ ಎಂದಲ್ಲ, ಹಳದಿಯಾಗಿ ತಿಳಿಯಾಗಿಯೂ ಇರಬಹುದು. ಆದರೆ ಕಂದಾಗಿ ಕಂಡ ಮೇಲೆ ಅದನ್ನು ಬೇಸಿನ್ನಿಗೆ ಚೆಲ್ಲುವಂತಿಲ್ಲ.

ಆ ಮಾತಿನ ನಂತರ ಹಳೆಯ ಚಿತ್ರಗಳನ್ನೆಲ್ಲ ಮತ್ತೆ ಬೆಳಕಿಗೆ ಹಿಡಿದೆವು. ಆಗಿನ ಎಕ್ಸ್‌ರೇಗೆ ಸಹಜ ಎಂಬ ವರದಿ ಇತ್ತು, ಅದು ಸರಿಯಾಗಿಯೇ ಇತ್ತು, ಈ ಕಾಯಿಲೆಯ ಆರಂಭದಲ್ಲಿ ಎಕ್ಸ್‌ರೇ ಏನನ್ನೂ ತೋರಿಸದಿರಬಹುದು. ನಾವು ಹೊಸದಾಗಿ ತೆಗೆಸಿದ ಎಕ್ಸ್‌ರೇಯಲ್ಲಿ ತೊಡೆಮೂಳೆಯ ಕೆಳತುದಿಯಲ್ಲೂ ಅದರ ಕೆಳಗಿನ ಟಿಬಿಯಾ ಮೂಳೆಯ ಹಿಂಬದಿಯಲ್ಲೂ ಕಡಲೆಕಾಳಿನಷ್ಟು ಕೊರೆತಗಳಿದ್ದವು. ಅವುಗಳ ಸುತ್ತ ತೆಳುವಾದ ಬಿಳಿ ಅಂಚು ಇತ್ತು, ಎರಡು ಮೂಳೆಗಳ ನಡುವಿನ ಸಂದು ಕಿರಿದಾಗಿರಲಿಲ್ಲ, ಮೂಳೆಯ ಸಾಂದ್ರತೆ ಇಳಿದಿರಲಿಲ್ಲ. ಕೀಲಿನ ಟಿಬಿಯಲ್ಲಿ ಅಕ್ಕಪಕ್ಕದ ಮೂಳೆ ಮಾಸಿ ತೆಳುವಾಗುತ್ತದೆ, ಅಂಚುಗಳಲ್ಲಿ ಕೊರೆತ ಬೀಳುತ್ತದೆ, ಸಂದು ನಿಧಾನವಾಗಿ ಕಿರಿದಾಗುತ್ತದೆ. ಈ ಮೂರರಲ್ಲಿ ನಮ್ಮ ಮುಂದಿದ್ದದ್ದು ಒಂದು ಮಾತ್ರ. ಜೊತೆಗೆ ಕೊರೆತ ಕೀಲಿನ ಎರಡೂ ದಡಗಳಲ್ಲಿತ್ತು. ಮೂಳೆಯೊಳಗೆ ಹುಟ್ಟಿದ ಗೆಡ್ಡೆ ಸಾಮಾನ್ಯವಾಗಿ ತನ್ನ ಮೂಳೆಯಲ್ಲೇ ಇರುತ್ತದೆ. ಎರಡು ದಡಗಳನ್ನೂ ಕಚ್ಚುವುದು ನಡುವಿನ ಪೊರೆಯಲ್ಲಿ ಇರುವಂಥದ್ದು.

ಹಳೆಯ ಎಂಆರ್‌ಐ ಸಾಮಾನ್ಯ ಮಂಡಿಯ ಕ್ರಮದಲ್ಲಿ ಆಗಿತ್ತು. ಗ್ರೇಡಿಯೆಂಟ್ ಎಕೋ ಎಂಬ ಬಗೆಯ ಚಿತ್ರಗಳನ್ನೂ ಸೇರಿಸಿ ಮತ್ತೊಮ್ಮೆ ಮಾಡಲು ಕೋರಿದೆವು. ಹಳೆಯ ರಕ್ತ ಕರಗಿ ಉಳಿದ ಕಬ್ಬಿಣ, ಅಂದರೆ ಹೀಮೋಸಿಡೆರಿನ್, ಅಯಸ್ಕಾಂತ ಕ್ಷೇತ್ರವನ್ನು ಅಲ್ಲಲ್ಲೇ ಕೆಡಿಸುವುದರಿಂದ ಈ ಚಿತ್ರಗಳಲ್ಲಿ ಆ ಭಾಗ ಇದ್ದದ್ದಕ್ಕಿಂತ ದೊಡ್ಡದಾಗಿ, ಮಸಿ ಚೆಲ್ಲಿದಂತೆ ಕಪ್ಪಾಗಿ ಹರಡಿಕೊಳ್ಳುತ್ತದೆ. ಮಂಡಿಚಿಪ್ಪಿನ ಮೇಲಿನ ಚೀಲದಿಂದ ಹಿಡಿದು ಮಂಡಿಯ ಹಿಂದಿನ ಗುಳಿಯವರೆಗೆ ಎಲ್ಲೆಲ್ಲೂ ಆ ಮಸಿ ಕಂಡಿತು.

ನಾವೂ ಸೂಜಿ ಹಾಕಿದೆವು. 55 ಮಿಲಿಲೀಟರ್, ಆಕೆ ಹೇಳಿದ ಬಣ್ಣವೇ. ಕೋಶಗಳ ಎಣಿಕೆ, ರೋಗಾಣು ಬೆಳೆಸಿ ನೋಡುವ ಕಲ್ಚರ್, ಟಿಬಿ ರೋಗಾಣುವಿನ ಜೀನ್ ಹುಡುಕುವ ಸಿಬಿನ್ಯಾಟ್, ಕೋಶಗಳ ರೂಪ ನೋಡುವ ಸೈಟಾಲಜಿ ಎಲ್ಲದಕ್ಕೂ ಬೇರೆ ಬೇರೆ ಕೊಳವೆಗಳಲ್ಲಿ ಕಳಿಸಿದೆವು. ರಕ್ತ ಹೆಪ್ಪುಗಟ್ಟುವ ಪರೀಕ್ಷೆಗಳು ಸಹಜವಾಗಿ ಬಂದವು.

ಟಿಬಿ ಮಾತ್ರೆಗಳನ್ನು ಆ ದಿನವೇ ನಿಲ್ಲಿಸಬೇಕೆಂದು ಗಂಡ ಒತ್ತಾಯಿಸಿದರು. ನಾವು ನಿಲ್ಲಿಸಲಿಲ್ಲ. ಒಂದು ಅನುಮಾನವನ್ನು ಸಾಕ್ಷಿಯಿಲ್ಲದೆ ರೋಗವೆಂದು ಕರೆದದ್ದು ತಪ್ಪಾದರೆ, ಇನ್ನೊಂದು ಅನುಮಾನದ ಬಲದ ಮೇಲೆ ಸಾಕ್ಷಿಯಿಲ್ಲದೆ ಅದನ್ನು ಅಳಿಸುವುದೂ ಅದೇ ಜಾತಿಯ ತಪ್ಪು ಎಂಬುದು ನಮ್ಮ ವಾದ. ಬಯಾಪ್ಸಿ ಆಗಲಿ ಎಂದೆವು. ಆಕೆ ಇನ್ನೂ ಮೂರು ವಾರ ಆ ಮಾತ್ರೆಗಳನ್ನು ನುಂಗಿದರು.

ಹೆಸರು

ಆರ್ತ್ರೋಸ್ಕೋಪಿಯ ಸಣ್ಣ ಕ್ಯಾಮೆರಾ ಒಳಗೆ ಹೋದಾಗ ಪರದೆಯ ಮೇಲೆ ಕಂಡದ್ದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ನುಣುಪಾಗಿ, ನಸುಗೆಂಪಾಗಿ ಇರಬೇಕಾದ ಪೊರೆ ನೀರಿನಲ್ಲಿ ತೇಲುವ ಮುಸುಕಿನ ಜೋಳದ ಜುಟ್ಟಿನಂತೆ, ತುಕ್ಕಿನ ಬಣ್ಣದಲ್ಲಿ ಎಳೆ ಎಳೆಯಾಗಿ ಅಲುಗಾಡುತ್ತಿತ್ತು. ನಾಲ್ಕು ಕಡೆಯಿಂದ ಚೂರು ತೆಗೆದೆವು.

ಇಲ್ಲಿ ಮತ್ತೊಂದು ಎಡವಟ್ಟು ತಪ್ಪಿತು. ಪ್ರಯೋಗಾಲಯದಿಂದ ಫೋನಿನಲ್ಲಿ ಬಂದ ಮೊದಲ ಸುದ್ದಿ, ದೈತ್ಯಕೋಶಗಳು ಕಾಣುತ್ತಿವೆ ಎಂಬುದು. ನಮ್ಮ ತಂಡದ ಒಬ್ಬರು ಕೂಡಲೇ ಹಾಗಾದರೆ ಟಿಬಿಯೇ ಎಂದುಬಿಟ್ಟರು, ಏಕೆಂದರೆ ಕ್ಷಯದ ಗಂಟುಗಳಲ್ಲೂ ದೈತ್ಯಕೋಶಗಳಿರುತ್ತವೆ. ಪೆಥಾಲಜಿಸ್ಟ್ ತಾವೇ ಬಂದು ಸೂಕ್ಷ್ಮದರ್ಶಕದಡಿಯ ಗಾಜನ್ನು ತೋರಿಸಿದರು: ದುಂಡಗಿನ ಒಂಟಿಬೀಜದ, ಅಂದರೆ ಒಂದೇ ಕೋಶಕೇಂದ್ರದ, ಕೋಶಗಳ ಹಾಸು, ನಡುನಡುವೆ ಹಲವು ಬೀಜಗಳ ದೈತ್ಯಕೋಶಗಳು, ನೊರೆ ತುಂಬಿದಂಥ ಕೋಶಗಳು, ಕಬ್ಬಿಣ ನುಂಗಿ ಕಂದಾದ ಕೋಶಗಳು. ಕ್ಷಯದ ಗಂಟೂ ಇಲ್ಲ, ಗಂಟಿನ ನಡುವೆ ಗಿಣ್ಣಿನಂತೆ ಕೊಳೆತ ಭಾಗವೂ ಇಲ್ಲ. ಐದು ತಿಂಗಳು ಮದ್ದು ತೆಗೆದುಕೊಂಡವರಲ್ಲಿ ಕಲ್ಚರ್ ನೆಗೆಟಿವ್ ಬಂದರೆ ಅದಕ್ಕೆ ಪೂರ್ತಿ ಬೆಲೆ ಕೊಡಲಾಗದು, ಆದ್ದರಿಂದ ನಾವು ಹೆಚ್ಚು ಆತುಕೊಂಡದ್ದು ಈ ಗಾಜಿನ ಮೇಲೆ. ಟಿಬಿ ಮಾತ್ರೆಗಳು ನಿಂತದ್ದು ಆಗಲೇ.

ಈ ಕಾಯಿಲೆಗೆ ಪಿವಿಎನ್‌ಎಸ್ ಎಂಬ ಹೆಸರು ಬಂದದ್ದು 1941ರಲ್ಲಿ. ಜಾಫಿ, ಲಿಕ್ಟೆನ್‌ಸ್ಟೈನ್ ಮತ್ತು ಸೂಟ್ರೋ ಎಂಬ ಮೂವರು ಇಟ್ಟ ಹೆಸರು ಅದು. ಅವರು ಅದನ್ನು ಉರಿಯೂತವೆಂದು ಎಣಿಸಿದ್ದರು, ಸೈನೋವೈಟಿಸ್ ಎಂಬ ಬಾಲ ಅದರಿಂದ. 2006ರಲ್ಲಿ ಒಂದನೆಯ ಮತ್ತು ಎರಡನೆಯ ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾಗಿ ಸಿಎಸ್‌ಎಫ್1 ಎಂಬ ಜೀನ್ ಹದ್ದುಮೀರಿ ಕೆಲಸ ಮಾಡುವುದು ಬೆಳಕಿಗೆ ಬಂದ ಮೇಲೆ ಚಿತ್ರ ಬದಲಾಯಿತು. ವಿಶ್ವ ಆರೋಗ್ಯ ಸಂಸ್ಥೆಯ 2013ರ ವರ್ಗೀಕರಣದಲ್ಲಿ ಇದು ಟೀನೋಸೈನೋವಿಯಲ್ ಜಯಂಟ್ ಸೆಲ್ ಟ್ಯೂಮರ್, ಅಂದರೆ ಒಂದು ಗೆಡ್ಡೆ. ವಿಚಿತ್ರವೆಂದರೆ ಗೆಡ್ಡೆಯಲ್ಲಿ ಜೀನ್ ಕೆಟ್ಟಿರುವ ಕೋಶಗಳು ಅಲ್ಪಸಂಖ್ಯಾತರು. ಅವು ಸಿಎಸ್‌ಎಫ್1 ಎಂಬ ಕರೆಯೋಲೆಯನ್ನು ಎಡೆಬಿಡದೆ ಕಳಿಸುತ್ತಿರುತ್ತವೆ, ಅದನ್ನು ಕೇಳಿ ಬಂದು ನೆರೆದ ನೆಂಟರೇ ಗೆಡ್ಡೆಯ ಬಹುಪಾಲು. ಮೂಳೆಯನ್ನು ಕರಗಿಸುವ ಕೋಶಗಳು ಬೆಳೆಯಲೂ ಇದೇ ಸಂಕೇತ ಬೇಕು. ಊದಿದ ಪೊರೆಯ ಒತ್ತಡ ಮತ್ತು ಈ ಸಂಕೇತ ಎರಡೂ ಸೇರಿ ಪಕ್ಕದ ಮೂಳೆಯನ್ನು ಕೊರೆಯುತ್ತವೆ. ಸೊಂಟದ ಕೀಲಿನಂಥ ಇಕ್ಕಟ್ಟಾದ ಜಾಗದಲ್ಲಿ ಈ ಕೊರೆತ ಬೇಗ ಕಾಣುತ್ತದೆ. ಮಂಡಿ ವಿಶಾಲವಾದ ಮನೆ, ಅಲ್ಲಿ ಪೊರೆಗೆ ಹರಡಲು ಎಡೆಯಿರುವುದರಿಂದ ಮೂಳೆಗೆ ಹಲ್ಲು ತಾಗುವುದು ತಡ. ನಮ್ಮ ರೋಗಿಯ ಮಂಡಿಯಲ್ಲಿ ಎರಡೂ ದಡ ಕೊರೆದಿತ್ತು ಎಂದರೆ ಹೋದ ಒಂದೂವರೆ ವರ್ಷ ಪುಕ್ಕಟೆಯಾಗಿ ಹೋಗಿರಲಿಲ್ಲ.

ಒಂದೇ ಗಂಟಾಗಿ ಇರುವ ಬಗೆ ಮತ್ತು ಕೀಲೆಲ್ಲ ಹಬ್ಬುವ ಬಗೆ ಎಂದು ಇದರಲ್ಲಿ ಎರಡುಂಟು. ಹಬ್ಬುವ ಬಗೆ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಸುಮಾರು ನಾಲ್ವರಿಗೆ ಬರುತ್ತದೆ ಎಂಬುದು ನೆದರ್‌ಲೆಂಡ್ಸ್‌ನ ಲೆಕ್ಕ. ಈಕೆಯದು ಆ ಬಗೆ.

ವರದಿಯನ್ನು ವಿವರಿಸುವಾಗ ಗೆಡ್ಡೆ ಎಂಬ ಮಾತು ನನ್ನ ಬಾಯಿಂದ ಬಂದ ಕೂಡಲೇ ಆಕೆ ಕೇಳಿದರು: "ಟಿಬಿ ಹೋಗಿ ಕ್ಯಾನ್ಸರ್ ಬಂತಾ ಸಾರ್?" ಅಲ್ಲ, ಇದು ದೇಹದ ಬೇರೆಡೆಗೆ ಹಾರಿ ಕೊಲ್ಲುವ ಜಾತಿಯಲ್ಲ, ಆದರೆ ಇದ್ದ ಜಾಗದಲ್ಲೇ ಹಟ ಹಿಡಿದು ಮರಳಿ ಬೆಳೆಯುವ ಜಾತಿ ಎಂದು ಹೇಳಿದೆ. ಮೊದಲು ಈ ಮಾತು ಹೇಳಿ ಆಮೇಲೆ ಗೆಡ್ಡೆಯ ಹೆಸರೆತ್ತಬೇಕಿತ್ತು. ಮಗನನ್ನು ವಾಪಸು ಕರೆತರಬಹುದೇ ಎಂಬುದು ಆಕೆಯ ಎರಡನೆಯ ಪ್ರಶ್ನೆ. ಕಾಲಿನ ಬಗ್ಗೆ ಕೇಳಿದ್ದು ಮೂರನೆಯದಾಗಿ.

ಒಂದು ಸಲವೋ ಎರಡು ಸಲವೋ

ಹಬ್ಬಿದ ಪಿವಿಎನ್‌ಎಸ್‌ಗೆ ಮುಖ್ಯ ಚಿಕಿತ್ಸೆ ಕಾಯಿಲೆ ಹಿಡಿದ ಪೊರೆಯನ್ನು ಸಾಧ್ಯವಾದಷ್ಟು ಪೂರ್ತಿ ತೆಗೆಯುವುದು. ಮಂಡಿಯ ಮುಂಭಾಗವನ್ನು ಆರ್ತ್ರೋಸ್ಕೋಪಿಯಿಂದ ಚೆನ್ನಾಗಿ ಶುಚಿಮಾಡಬಹುದು. ಹಿಂಭಾಗದಲ್ಲಿ ಕಾಲಿಗೆ ಹೋಗುವ ಮುಖ್ಯ ರಕ್ತನಾಳ ಮತ್ತು ನರ ಇರುವುದರಿಂದ, ಅಲ್ಲಿಯ ರೋಗ ದಪ್ಪವಾಗಿದ್ದರೆ ತೆರೆದೇ ತೆಗೆಯುವುದು ಲೇಸು. ಇಷ್ಟರಲ್ಲಿ ತಂಡದೊಳಗೆ ಭಿನ್ನಾಭಿಪ್ರಾಯವಿರಲಿಲ್ಲ. ಎರಡನ್ನೂ ಒಂದೇ ದಿನ ಮಾಡಬೇಕೋ, ಎಂಟು ಹತ್ತು ವಾರಗಳ ಅಂತರದಲ್ಲಿ ಎರಡು ಸಲ ಮಾಡಬೇಕೋ ಎಂಬಲ್ಲಿ ಇತ್ತು. ಎರಡು ಸಲ ಮಾಡಿದರೆ ಮಂಡಿ ನಡುವೆ ಸುಧಾರಿಸಿಕೊಳ್ಳುತ್ತದೆ, ಬಿಗಿತದ ಭಯ ಕಡಿಮೆ. ಒಂದೇ ಸಲ ಮಾಡಿದರೆ ಅರಿವಳಿಕೆ ಒಂದು, ಆಸ್ಪತ್ರೆ ವಾಸ ಒಂದು, ಆದರೆ ಮಂಡಿಯ ಎರಡೂ ಬದಿಗೆ ಒಟ್ಟಿಗೆ ಗಾಯ. ನನ್ನ ಸಹೋದ್ಯೋಗಿ ಎರಡು ಸಲದ ಪರ, ನಾನು ಅನಿಶ್ಚಿತ.

ತೀರ್ಮಾನ ಮಾಡಿಸಿದ್ದು ವೈದ್ಯಶಾಸ್ತ್ರವಲ್ಲ, ರಜೆಯ ಲೆಕ್ಕ. ಇಎಸ್‌ಐ ವಿಮೆಯಲ್ಲಿ ಸಾಮಾನ್ಯ ಅನಾರೋಗ್ಯಕ್ಕೆ ವರ್ಷದಲ್ಲಿ 91 ದಿನಗಳವರೆಗೆ ಕೂಲಿಯ ನೂರಕ್ಕೆ 70ರಷ್ಟು ಸಿಗುತ್ತದೆ. ಅದರಲ್ಲಿ ಒಂದಷ್ಟನ್ನು ಆಕೆ ಆಗಲೇ ಬಳಸಿಕೊಂಡಿದ್ದರು. "ಎರಡು ಸಲ ರಜ ಅಂದ್ರೆ ನನ್ನ ಮಿಷಿನ್ ಮುಂದೆ ಬೇರೆಯವರು ಕೂತಿರ್ತಾರೆ ಸಾರ್" ಎಂದರು. ಒಂದೇ ಸಲ ಎಂದು ನಿಶ್ಚಯಿಸಿದೆವು.

2023ರ ಆರಂಭದಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಮೊದಲು ಬೋರಲು ಮಲಗಿಸಿ ಹಿಂಭಾಗ, ಬಳಿಕ ತಿರುಗಿಸಿ ಮುಂಭಾಗ. ರಕ್ತ ತಡೆಯಲು ತೊಡೆಗೆ ಬಿಗಿಯುವ ಟೂರ್ನಿಕೆ ಪಟ್ಟಿಯನ್ನು ಸುಮಾರು ಎರಡು ಗಂಟೆಗೊಮ್ಮೆ ಸಡಿಲಿಸಲೇಬೇಕಾದ್ದರಿಂದ ಕೆಲಸವನ್ನು ಆ ಎರಡು ತುಂಡುಗಳಿಗೆ ಹೊಂದಿಸಿಕೊಂಡೆವು. ಟಿಬಿಯಾ ಮೂಳೆಯ ಕೊರೆತವನ್ನು ಕೆರೆದು ಶುಚಿಮಾಡಿ, ಸೊಂಟದ ಮೂಳೆಯಿಂದ ತೆಗೆದ ಪುಡಿಮೂಳೆಯಿಂದ ತುಂಬಿದೆವು. ತೊಡೆಮೂಳೆಯ ಕೊರೆತ ಸಣ್ಣದು, ಕೆರೆದು ಬಿಟ್ಟೆವು. ಮೃದ್ವಸ್ಥಿ ಬಹುಮಟ್ಟಿಗೆ ಉಳಿದಿತ್ತು. ಕೃತಕ ಮಂಡಿಯ ಮಾತು ಅಲ್ಲಿಗೆ ದೂರವಾದದ್ದು ನಮಗೆ ಸಿಕ್ಕ ದೊಡ್ಡ ಸಮಾಧಾನ.

ಶಸ್ತ್ರಚಿಕಿತ್ಸೆಯ ನಂತರ ವಿಕಿರಣ ಕೊಡಬೇಕೇ ಎಂಬ ಚರ್ಚೆಯೂ ನಡೆಯಿತು. ಮರುಕಳಿಕೆಯನ್ನು ತಗ್ಗಿಸಲು ಕೆಲವು ಕಡೆ ಕೊಡುವುದುಂಟು. 31ರ ಪ್ರಾಯ, ಪ್ರಾಣಕ್ಕೆ ಅಪಾಯವಿಲ್ಲದ ಗೆಡ್ಡೆ, ಎರಡು ಬದಿಯೂ ಗಾಯಗೊಂಡ ಮಂಡಿ, ಬೇಡವೆಂದೆವು.

ಸಹೋದ್ಯೋಗಿ ಹೆದರಿದ್ದೇ ಆಯಿತು. ಆರನೆಯ ವಾರದಲ್ಲಿ ಮಂಡಿ 70 ಡಿಗ್ರಿಗಿಂತ ಹೆಚ್ಚು ಮಡಿಯುತ್ತಿರಲಿಲ್ಲ. ಎಂಟನೆಯ ವಾರದಲ್ಲಿ ಅರಿವಳಿಕೆ ಕೊಟ್ಟು ಮಂಡಿಯನ್ನು ಬಲವಂತವಾಗಿ ಮಡಿಸಬೇಕಾಯಿತು, ಹೀಗಾಗಿ ಒಂದೇ ಅರಿವಳಿಕೆ ಎಂಬ ನಮ್ಮ ಲಾಭವೂ ಹೋಯಿತು. ಆಮೇಲಿನ ಮೂರು ತಿಂಗಳು ಫಿಸಿಯೋಥೆರಪಿಸ್ಟ್ ಪಟ್ಟ ಪಾಡು ಈ ಪ್ರಕರಣದ ದೊಡ್ಡ ಭಾಗ, ಬರೆಯಲು ಮಾತ್ರ ಹೆಚ್ಚೇನಿಲ್ಲ: ದಿನಕ್ಕೆ ಮೂರು ಹೊತ್ತು, ಐದೈದು ಡಿಗ್ರಿ, ಅಳು, ಮತ್ತೆ ಐದು ಡಿಗ್ರಿ. ಕೊನೆಗೆ 115ಕ್ಕೆ ನಿಂತಿತು. ಬಸ್ಸಿನ ಮೆಟ್ಟಿಲು ಹತ್ತಲು, ಪೆಡಲ್ ತುಳಿಯಲು ಅದು ಸಾಕು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲು, ಕುಕ್ಕರಗಾಲಿನಲ್ಲಿ ಕೂರಲು ಸಾಲದು. ಮನೆಯ ಶೌಚಾಲಯಕ್ಕೆ ಕಮೋಡ್ ಕುರ್ಚಿ ಬಂತು. ಇಂದು ಅದೇ ಫೈಲ್ ನನ್ನ ಮೇಜಿಗೆ ಬಂದರೆ ಎರಡು ಸಲ ಎನ್ನುವ ಕಡೆಗೇ ವಾಲುತ್ತೇನೆ. ಆದರೆ ಕೆಲಸ ಕಳೆದುಕೊಂಡು 130 ಡಿಗ್ರಿ ಮಡಿಯುವ ಮಂಡಿ ಮೇಲೋ, ಕೆಲಸ ಉಳಿಸಿಕೊಂಡು 115 ಮಡಿಯುವ ಮಂಡಿ ಮೇಲೋ ಎಂದು ಆಕೆ ಕೇಳಿದರೆ ಕೊಡಲು ಸಿದ್ಧ ಉತ್ತರ ನನ್ನಲ್ಲಿಲ್ಲ.

ಮರಳಿ ಬಂದದ್ದು

ಆರು ತಿಂಗಳ ಎಂಆರ್‌ಐ ಶುಚಿಯಾಗಿತ್ತು, ಒಂದು ವರ್ಷದ್ದೂ. ಎರಡನೆಯ ವರ್ಷದ ಚಿತ್ರದಲ್ಲಿ, 2025ರ ಆರಂಭದಲ್ಲಿ, ಮಂಡಿಯ ಹಿಂಬದಿಯ ಲಿಗಮೆಂಟಿನ ಪಕ್ಕ 9 ಮಿಲಿಮೀಟರಿನ ಒಂದು ಕಪ್ಪು ಗಂಟು ಕಂಡಿತು. ನೋವಿಲ್ಲ, ಊತವಿಲ್ಲ, ಮೂಳೆಯಲ್ಲಿ ಹೊಸ ಕೊರೆತವಿಲ್ಲ, ತುಂಬಿದ ಪುಡಿಮೂಳೆ ಚೆನ್ನಾಗಿ ಕೂಡಿಕೊಂಡಿತ್ತು. ಹಬ್ಬುವ ಬಗೆಯಲ್ಲಿ ಮರುಕಳಿಕೆ ಸಾಮಾನ್ಯ ಎಂದು ಮೊದಲೇ ಹೇಳಿದ್ದರಿಂದ ಆಕೆ ನಾನು ಹೆದರಿದಷ್ಟು ಹೆದರಲಿಲ್ಲ.

ಆ ದಿನಗಳಲ್ಲೇ, 2025ರ ಫೆಬ್ರವರಿಯಲ್ಲಿ, ಅಮೆರಿಕದಲ್ಲಿ ವಿಮ್‌ಸೆಲ್ಟಿನಿಬ್ ಎಂಬ ಮಾತ್ರೆಗೆ ಈ ಕಾಯಿಲೆಗಾಗಿ ಅನುಮತಿ ದೊರೆಯಿತು. ಗಂಡನ ತಮ್ಮ ಆ ಸುದ್ದಿಯನ್ನು ವಾಟ್ಸಾಪ್‌ನಲ್ಲಿ ಕಳಿಸಿದ್ದರು, ಅದನ್ನು ತೋರಿಸಿಯೇ ಮಾತು ಶುರುವಾಯಿತು. ಸಿಎಸ್‌ಎಫ್1ರ ಕರೆಯನ್ನು ಕೇಳುವ ಕಿವಿಯನ್ನೇ ಮುಚ್ಚುವ ಔಷಧಿಗಳ ಸಾಲಿನದು ಅದು. ಇದೇ ಸಾಲಿನ ಪೆಕ್ಸಿಡಾರ್ಟಿನಿಬ್ 2019ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದಿತ್ತು. ಪ್ರಯೋಗದಲ್ಲಿ 39 ಪ್ರತಿಶತ ರೋಗಿಗಳಲ್ಲಿ ಗೆಡ್ಡೆ ಗಣನೀಯವಾಗಿ ಕುಗ್ಗಿತ್ತು, ಆದರೆ ಯಕೃತ್ತಿಗೆ ಗಂಭೀರ ಹಾನಿ ಮಾಡಬಹುದೆಂಬ ಎಚ್ಚರಿಕೆಯೊಂದಿಗೇ ಅದು ಮಾರುಕಟ್ಟೆಗೆ ಬಂತು, ಐರೋಪ್ಯ ಔಷಧ ಸಂಸ್ಥೆ 2020ರಲ್ಲಿ ಅದಕ್ಕೆ ಒಪ್ಪಿಗೆ ನಿರಾಕರಿಸಿತು. ಶಸ್ತ್ರಚಿಕಿತ್ಸೆಯಿಂದ ಇನ್ನು ಪ್ರಯೋಜನವಿಲ್ಲದ, ರೋಗದಿಂದ ಓಡಾಟವೇ ಕಷ್ಟವಾದ ರೋಗಿಗಳಿಗಾಗಿ ಇರುವ ಮದ್ದುಗಳಿವು. ನೋವೇ ಇಲ್ಲದ 9 ಮಿಲಿಮೀಟರಿಗೆ ಅವುಗಳ ಮಾತೆತ್ತುವುದು ನೊಣಕ್ಕೆ ಕೊಡಲಿ ಎತ್ತಿದಂತೆ ಎಂದು ನಾನು ಹೇಳಿದೆ.

ನಮ್ಮ ಕೈಗೆಟುಕುವ ಬೆಲೆಯಲ್ಲಿ ಇದ್ದದ್ದು ಇಮಾಟಿನಿಬ್. ರಕ್ತದ ಕ್ಯಾನ್ಸರಿನ ಈ ಮಾತ್ರೆಯ ಪೇಟೆಂಟ್ ಅರ್ಜಿಯನ್ನು 2013ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದರಿಂದ ದೇಶೀ ಮಾತ್ರೆಗಳು ಇಲ್ಲಿ ಸಿಗುತ್ತಲೇ ಬಂದಿವೆ. ಪಿವಿಎನ್‌ಎಸ್‌ನಲ್ಲಿ ಅದು ಗೆಡ್ಡೆಯನ್ನು ಕುಗ್ಗಿಸಿದ್ದು ಐವರಲ್ಲಿ ಒಬ್ಬರಷ್ಟು ಮಂದಿಯಲ್ಲಿ, ಬೆಳೆಯದಂತೆ ತಡೆದದ್ದು ಹೆಚ್ಚು ಮಂದಿಯಲ್ಲಿ. ಅದನ್ನು ತೆಗೆದುಕೊಳ್ಳುವಾಗ ಗರ್ಭ ಧರಿಸಬಾರದು ಎಂದಾಗ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡನೆಯ ಮಗುವಿನ ವಿಚಾರ ಮಂಡಿಯ ಕಾರಣದಿಂದ ಮೂರು ವರ್ಷ ಮುಂದೆ ಹೋಗಿತ್ತು ಎಂಬುದು ನಮ್ಮ ಇಷ್ಟು ದಪ್ಪದ ಫೈಲ್‌ನಲ್ಲಿ ಎಲ್ಲಿಯೂ ಇರಲಿಲ್ಲ. ನಾವು ಕೇಳಿರಲಿಲ್ಲ.

ಹಾಗಾಗಿ ಕಾಯುವುದೆಂದು ತೀರ್ಮಾನವಾಯಿತು. ಗಂಟು ಬೆಳೆದರೆ, ಮೂಳೆಯತ್ತ ಸರಿದರೆ, ಊತ ಮರುಕಳಿಸಿದರೆ ಮತ್ತೆ ಶಸ್ತ್ರಚಿಕಿತ್ಸೆ. ಇಲ್ಲವಾದರೆ ಆರು ತಿಂಗಳಿಗೊಂದು ಎಂಆರ್‌ಐ. ಕಾಯುವುದೂ ಒಂದು ಚಿಕಿತ್ಸೆಯೇ ಎಂದು ಮನೆಯವರಿಗೆ ಒಪ್ಪಿಸಲು ಶಸ್ತ್ರಚಿಕಿತ್ಸೆಗೆ ಒಪ್ಪಿಸುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಮೂರು ಶರತ್ತುಗಳನ್ನೂ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದುಕೊಟ್ಟೆವು.

ನಮ್ಮ ವಿಭಾಗದಲ್ಲಿ ಬದಲಾದದ್ದು

ಈ ಪ್ರಕರಣವನ್ನು ನಮ್ಮ ಮಾಸಿಕ ಸಭೆಯಲ್ಲಿ ಇಟ್ಟಾಗ ಹಿರಿಯರೊಬ್ಬರು ಇಷ್ಟು ಅಪರೂಪದ ಕಾಯಿಲೆಯಿಂದ ಕಲಿಯುವುದೇನಿದೆ, ಮುಂದಿನದು ಬರುವಷ್ಟರಲ್ಲಿ ನಾವು ನಿವೃತ್ತರಾಗಿರುತ್ತೇವೆ ಎಂದು ನಕ್ಕರು. ಕಾಯಿಲೆ ಅಪರೂಪವಿರಬಹುದು. ಮಂಡಿಯ ನೀರು ತೆಗೆದು ಚೆಲ್ಲುವುದು ಅಪರೂಪವಲ್ಲ, ಅಂಗಾಂಶ ನೋಡದೆ ಟಿಬಿ ಮದ್ದು ಶುರುಮಾಡುವುದೂ ಅಲ್ಲ. ಹಳೆಯ ದಾಖಲೆ ತಿರುವಿ ನೋಡಿದಾಗ ನಮ್ಮಲ್ಲೇ ತೆಗೆದ ಕೀಲುನೀರಿನ ಬಣ್ಣವನ್ನು ಬರೆಯದ ಪುಟಗಳು ಸಾಕಷ್ಟು ಸಿಕ್ಕವು, ಅವುಗಳಲ್ಲಿ ನನ್ನ ಅಕ್ಷರವೂ ಇತ್ತು. ಈಗ ಪ್ರೊಸೀಜರ್ ಕೋಣೆಯ ರಿಜಿಸ್ಟರಿನಲ್ಲಿ ಬಣ್ಣ ಎಂಬ ಒಂದು ಅಂಕಣ ಇದೆ. ಮೊದಲ ಸಲ ತೆಗೆದ ನೀರು ಯಾವ ಬಣ್ಣವಿದ್ದರೂ ಪ್ರಯೋಗಾಲಯಕ್ಕೆ ಹೋಗುತ್ತದೆ. ಅನುಮಾನದ ಮೇಲೆ ಟಿಬಿ ಚಿಕಿತ್ಸೆ ಶುರುಮಾಡಲೇಬೇಕಾದ ಸಂದರ್ಭಗಳಿವೆ, ಅಂಗಾಂಶ ತೆಗೆಯಲಾಗದ ಜಾಗಗಳಿವೆ. ಮಂಡಿ ಅಂಥ ಜಾಗವಲ್ಲ ಎಂಬುದನ್ನು ಮಾತ್ರ ಒಪ್ಪಿಕೊಂಡಿದ್ದೇವೆ.

ಆಕೆ ಈಗ ಅದೇ ಕಾರ್ಖಾನೆಯಲ್ಲಿ, ಓವರ್‌ಲಾಕ್ ಬಿಟ್ಟು ಕುಳಿತು ಮಾಡುವ ಚೆಕಿಂಗ್ ಕೆಲಸದಲ್ಲಿದ್ದಾರೆ. ಟೈಲರ್ ಕೂಲಿಗಿಂತ ಅದು ಕಡಿಮೆ. ಮಗ ಮನೆಗೆ ಬಂದಿದ್ದಾನೆ. ಕಳೆದ ಚಿತ್ರದಲ್ಲಿ ಗಂಟು 9 ಮಿಲಿಮೀಟರಿನಲ್ಲೇ ಇತ್ತು. ಮುಂದಿನ ಎಂಆರ್‌ಐಗೆ ದಿನಾಂಕ ಬರೆಯುವಾಗ ಆಕೆ ಕ್ಯಾಲೆಂಡರ್ ನೋಡಿ, "ಆ ವಾರ ಶಿಪ್‌ಮೆಂಟ್ ಐತೆ ಸಾರ್, ಮುಂದಿನ ಸೋಮವಾರ ಹಾಕಿ" ಎಂದರು. ಸೋಮವಾರಕ್ಕೆ ಬರೆದುಕೊಟ್ಟೆವು.